ಆರು ಚಾದರದಷ್ಟು ಹೊತ್ತು

ಶನಿವಾರ ಸಂಜೆ ಐದು ಗಂಟೆ ಏಳು ನಿಮಿಷಕ್ಕೆ ಚಿಕ್ಕಮ್ಮ ಚರ್ಚಿನ ಪಕ್ಕದ ಕೋಣೆಯಲ್ಲಿ, ಗೋಡೆಗೆ ತಾಗಿದ ಕುರ್ಚಿಯ ಮೇಲೆ ಕೂತು, ಹಿತ್ತಾಳೆಯ ಕೈಗಂಟೆಯನ್ನು ಒಂದು ಸಲ ಬಾರಿಸಿ ಮಡಿಲಲ್ಲಿ ಇಟ್ಟುಕೊಂಡಳು. ಎಡಗೈಯಲ್ಲಿ ಟೀಚರಮ್ಮನ ಕೈಗಡಿಯಾರವಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಇನ್ನೊಮ್ಮೆ ಬಾರಿಸಬೇಕು. ಕೆಲಸ ಅಷ್ಟೇ. ಆದರೆ ಅವಳು ಮುಂದಿನ ವಾರ ಅಲ್ಲಿಗೆ ಬರಬೇಕೇ ಬೇಡವೇ ಎಂಬುದು ಅದರ ಮೇಲೆ ನಿಂತಿತ್ತು.

ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರು ಕೂಡ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಒದ್ದೆ ಚಾದರಗಳು ಬಿಸಿ ರೋಲರಿನ ಒಂದು ಕಡೆ ಒಳಹೋಗಿ ಇನ್ನೊಂದು ಕಡೆ ಒಣಗಿ ಹೊರಬರುತ್ತವೆ. ಚಿಕ್ಕಮ್ಮ ಮತ್ತು ಇನ್ನೊಬ್ಬಾಕೆ ಎದುರುಬದುರು ನಿಂತು ಮೂಲೆ ಹಿಡಿದು ನಾಲ್ಕು ಮಡಿಕೆ ಹಾಕಿ ಒಟ್ಟಬೇಕು. ಒಂದು ಚಾದರಕ್ಕೆ ಅರ್ಧ ನಿಮಿಷ. ಅದಕ್ಕಿಂತ ನಿಧಾನವಾದರೆ ಮುಂದಿನದು ಕೆಳಗೆ ಬೀಳುತ್ತದೆ, ಬಿದ್ದದ್ದು ಮತ್ತೆ ಒಗೆಯಲು ಹೋಗುತ್ತದೆ. ಅವಳ ಮುಂಗೈಗಳಲ್ಲಿ ರೋಲರು ತಾಗಿದ ಹಳೆಯ ಗುರುತುಗಳಿದ್ದವು. ಬೆರಳ ತುದಿಗಳು ಒಣಗಿ ಸೀಳಿದ್ದವು.

ಮನೆಯಲ್ಲಿ ಅಕ್ಕ ಇದ್ದಳು. ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೈ ಹುಣ್ಣಾಗುತ್ತದೆ. ಹಗಲು ಅದನ್ನು ನೋಡಿಕೊಳ್ಳಲು ಪಾಳಿಯ ಹೊತ್ತಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ರಾತ್ರಿಯ ಸರದಿಯೆಲ್ಲ ಚಿಕ್ಕಮ್ಮನದೇ. ನಿದ್ದೆ ಎಂಬುದು ಅವಳಿಗೆ ಕಂತಿನಲ್ಲಿ ಸಿಗುತ್ತಿತ್ತು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳು ಆಗಮನ ಕಾಲ, ಪ್ರಭು ಬರುವುದನ್ನು ಕಾಯುವ ಕಾಲ. ಆ ಶನಿವಾರಗಳಂದು ನಾವು ಎಂಟು ಜನ ಸೇರಿ ಮೌನವಾಗಿ ಕೂರುತ್ತಿದ್ದೆವು. ಹಾಡುವುದಿಲ್ಲ, ಏನನ್ನೂ ಬೇಡುವುದಿಲ್ಲ. ನಡುವೆ ಹಸಿರೆಲೆಗಳ ಬಳೆಯಲ್ಲಿ ನಾಲ್ಕು ಮೇಣದಬತ್ತಿ. ವಾರ ವಾರವೂ ಒಂದೊಂದನ್ನು ಹೆಚ್ಚಾಗಿ ಹಚ್ಚುತ್ತೇವೆ. ಪ್ರತಿಯೊಬ್ಬರೂ ಒಂದೊಂದು ಪದವನ್ನು ಆರಿಸಿಕೊಂಡು ಉಸಿರಿನ ಜೊತೆ ಒಳಗೇ ಹೇಳಿಕೊಳ್ಳಬೇಕು. ಮನಸ್ಸು ಎಲ್ಲಿಗಾದರೂ ಹೋದರೆ ಬೈಯದೆ ಆ ಪದಕ್ಕೆ ಕರೆತರಬೇಕು. ಚಿಕ್ಕಮ್ಮನ ಪದ ‘ಬಾ’. “ಇದಕ್ಕಿಂತ ಚಿಕ್ಕದು ಸಿಗಲಿಲ್ಲ” ಎಂದಿದ್ದಳು.

ಆ ಹೊತ್ತಿನಲ್ಲಿ ಅಕ್ಕನ ಬಳಿ ಕೂರುತ್ತಿದ್ದವಳು ಪಕ್ಕದ ಮನೆಯ ದರ್ಜಿಯ ಹೆಂಡತಿ. ಅವಳ ಷರತ್ತು ಒಂದೇ. “ಪ್ರಾರ್ಥನೆಗೆ ಅಂದ್ರೆ ಕೂರ್ತೀನಿ ಚಿಕ್ಕಮ್ಮ. ಪೇಟೆ ಗೀಟೆ ಅಂದ್ರೆ ನನ್ನ ಕೈಲಾಗಲ್ಲ.” ವಾರದಲ್ಲಿ ಯಾರೂ ಚಿಕ್ಕಮ್ಮನನ್ನು ಕೂಗದ ಹೊತ್ತು ಅದೊಂದೇ.

ಮೊದಲ ಶನಿವಾರವೇ ಅವಳು ನಿದ್ದೆ ಹೋದಳು. ಎರಡನೆಯ ಶನಿವಾರ ಶುರುವಾಗುವ ಮುಂಚೆ ಟೀಚರಮ್ಮ ವಿಚಾರಣೆಗೆ ನಿಂತರು. ಅವರು ನಿವೃತ್ತ ಶಿಕ್ಷಕಿ, ನಮ್ಮ ಗುಂಪಿನ ಮುಖ್ಯಸ್ಥೆ.

“ಹೋದ ವಾರ ಏನು ಮಾಡಿದೆ ಗೊತ್ತಾ?”

“ಹೇಗೆ ಗೊತ್ತಾಗುತ್ತೆ ಟೀಚರ್? ನಿದ್ದೇಲಿದ್ದೆ.”

“ಗೊರಕೆ ಹೊಡೆದೆ.”

“ಗೊರಕೇಲೂ ‘ಬಾ’ ಅಂತಾನೇ ಕೇಳಿಸ್ತಿತ್ತು” ಎಂದರು ನಮ್ಮ ಗುಂಪಿನ ಕಾಂಪೌಂಡರ್ ತಾತ.

“ಆ ಸದ್ದಿಗೆ ಬರ್ತಿರೋನೂ ವಾಪಸ್ ಹೋಗ್ತಾನೆ.” ಟೀಚರಮ್ಮ ನಗಲಿಲ್ಲ. ಗಂಟೆಯನ್ನೂ ತಮ್ಮ ಗಡಿಯಾರವನ್ನೂ ಚಿಕ್ಕಮ್ಮನ ಕೈಗಿಟ್ಟರು. “ಇವತ್ತು ಹೊಣೆ ನಿಂದು. ಹೊಣೆ ಇದ್ರೆ ನಿದ್ದೆ ಬರಲ್ಲ. ಇವತ್ತೂ ಮಲಗಿದ್ರೆ ಕ್ರಿಸ್‌ಮಸ್ ಕಳೀಲಿ, ಆಮೇಲೆ ನೋಡೋಣ. ಅಲ್ಲೀವರೆಗೂ ಮನೇಲೇ ಕೂತು ಮಾಡ್ಕೊ.”

“ಮನೇಲಿ ಕೂತ್ರೆ ಅಕ್ಕ ಕರೀತಾಳೆ” ಎಂದಳು ಚಿಕ್ಕಮ್ಮ. ಬೇರೆ ವಾದ ಮಾಡಲಿಲ್ಲ. ಅಂದು ಬೈಬಲ್‌ನಿಂದ ಓದಿದ ಭಾಗ, ಯಜಮಾನ ಯಾವ ಗಳಿಗೆಯಲ್ಲಿ ಬರುತ್ತಾನೋ ತಿಳಿಯದ್ದರಿಂದ ಆಳುಗಳು ಎಚ್ಚರವಾಗಿರಬೇಕು ಎಂಬುದು.

ನಮ್ಮ ನಿಯಮಗಳು ಕಟ್ಟುನಿಟ್ಟು. ಗಂಟೆ ಕೇಳುವವರೆಗೆ ಕಣ್ಣು ತೆರೆಯಬಾರದು. ಗಂಟೆ ಹಿಡಿದವರ ಹೊರತು ಯಾರೂ ಮೌನ ಮುರಿಯಬಾರದು. ಗೋಡೆಯ ಗಡಿಯಾರ ಸದ್ದು ಮಾಡುತ್ತದೆಂದು ಟೀಚರಮ್ಮನೇ ತೆಗೆಸಿದ್ದರು. ಫೋನುಗಳು ಬಾಗಿಲ ಬಳಿಯ ಬುಟ್ಟಿಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಿದ್ದವು. ‘ಹೊತ್ತು ಹೆಚ್ಚಾಯಿತು ಅನ್ನಿಸಿದರೆ ತಪ್ಪು ಗಡಿಯಾರದ್ದಲ್ಲ, ಮನಸ್ಸಿನದು’ ಎಂಬುದು ಅವರು ಕಲಿಸಿದ ಮೊದಲ ಪಾಠ. ಹೀಗಾಗಿ ಅಂದು ಹೊತ್ತು ಹೆಚ್ಚಾದಾಗ ಏಳು ಜನ ತಂತಮ್ಮ ಮನಸ್ಸನ್ನು ದೂರಿಕೊಂಡು, ಕಣ್ಣು ಮುಚ್ಚಿಕೊಂಡೇ ಕೂತೆವು. ಎಂಟನೆಯವಳ ತಲೆ ಎದೆಯ ಮೇಲೆ ಬಾಗಿತ್ತು. ಗೊರಕೆ ಬರಲಿಲ್ಲ.

ಆರು ಗಂಟೆಗೆ ಅಕ್ಕನ ಮಗ್ಗುಲು ಬದಲಿಸಬೇಕಿತ್ತು. ಚಿಕ್ಕಮ್ಮ ಬರದಿದ್ದುದನ್ನು ಕಂಡು ದರ್ಜಿಯ ಹೆಂಡತಿ ಗಂಡನನ್ನು ಅಲ್ಲಿ ಕೂರಿಸಿ, ಬೈಯಲೆಂದೇ ಹೊರಟು ಬಂದಳು. ಬಾಗಿಲಲ್ಲಿ ನಿಂತು ನೋಡಿದರೆ ಎರಡು ಮೇಣದಬತ್ತಿ, ಅಲುಗಾಡದ ಎಂಟು ಜನ. ಬೈಯುವುದನ್ನು ಬಿಟ್ಟು ಅವಳು ಮೆಲ್ಲಗೆ ಒಳಬಂದಳು. ಕೊನೆಯ ಕುರ್ಚಿಯಲ್ಲಿ ಕೂತು ತಾನೂ ಕಣ್ಣು ಮುಚ್ಚಿದಳು.

ಕೋಣೆಗೆ ಬೀಗ ಹಾಕಲು ಬಂದ ಕಾವಲುಗಾರ ಫಟ್ಟನೆ ಟ್ಯೂಬ್‌ಲೈಟ್ ಹಾಕಿ “ಇನ್ನೂ ಇದ್ದೀರಾ?” ಎಂದ. ಚಿಕ್ಕಮ್ಮ ಬೆಚ್ಚಿದಳು. ಗಂಟೆ ಮಡಿಲಿನಿಂದ ಜಾರಿ ನೆಲಕ್ಕೆ ಬಿದ್ದು, ಕೊನೆಗೂ ತಾನಾಗಿಯೇ ಮೊಳಗಿತು.

ಆರು ಗಂಟೆ ಹದಿನಾಲ್ಕು ನಿಮಿಷ.

“ಹನ್ನೊಂದು ವರ್ಷದಿಂದ ಬರ್ತಿದೀನಿ” ಎಂದರು ಕಾಂಪೌಂಡರ್ ತಾತ, ಮಂಡಿ ನೀವಿಕೊಳ್ಳುತ್ತಾ. “ಗಂಟೆ ಯಾವಾಗ ಹೊಡೀತಾರೆ ಅಂತ ಕಾಯೋದೇ ನನ್ನ ಪ್ರಾರ್ಥನೆ ಆಗಿತ್ತು. ಇವತ್ತು ಅದೂ ಮರೆತುಹೋಯ್ತು.”

ದರ್ಜಿಯ ಹೆಂಡತಿ ಚಿಕ್ಕಮ್ಮನ ಕೈ ಹಿಡಿದುಕೊಂಡಳು. “ಗಂಟೇನೂ ನೆನಪಿಲ್ಲದಷ್ಟು ಪ್ರಾರ್ಥನೇಲಿ ಮುಳುಗಿದ್ರಲ್ಲ ಚಿಕ್ಕಮ್ಮ. ಇನ್ಮೇಲೆ ಏಳು ಗಂಟೆವರೆಗೂ ಕೂತಿರ್ತೀನಿ, ಬಿಡಿ.”

ಚಿಕ್ಕಮ್ಮ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆ ಹೊತ್ತು, ಆ ಕುರ್ಚಿ, ಎರಡೂ ಅವಳಿಗೇ ಉಳಿಯುತ್ತಿದ್ದವು. ಟೀಚರಮ್ಮ ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು.

“ಎಷ್ಟು ಹೊತ್ತು ಎಚ್ಚರ ಇದ್ದೆ?”

ಚಿಕ್ಕಮ್ಮ ತನ್ನ ಕೈಗಳನ್ನು ನೋಡಿಕೊಂಡಳು. “ಆರು ಚಾದರದಷ್ಟು ಹೊತ್ತು. ಮೂರು ನಿಮಿಷ ಅನ್ನಿ. ಆಮೇಲೆ ಮಲಗಿಬಿಟ್ಟೆ ಟೀಚರ್.”

ದರ್ಜಿಯ ಹೆಂಡತಿ ಹಿಡಿದ ಕೈ ಬಿಟ್ಟಳು. “ಮಲಗೋದಕ್ಕಾ? ಅಲ್ಲಿ ನನ್ನ ಗಂಡ ಅಕ್ಕನ ಕಾಲ ಹತ್ರ ಕೂತು ಕಾಜಾ ಹೊಲೀತಿದಾನೆ. ನಾನು ಕೂತಿದ್ದು ದೇವರ ಲೆಕ್ಕಕ್ಕೆ ಚಿಕ್ಕಮ್ಮ, ನಿಮ್ಮ ದಿಂಬಿನ ಲೆಕ್ಕಕ್ಕಲ್ಲ.”

ಚಿಕ್ಕಮ್ಮ ಮನೆಗೆ ಓಡಿದಳು. ಅಕ್ಕನ ಸೊಂಟದ ಮೂಳೆಯ ಮೇಲೆ ಕೆಂಪು ಮೂಡಿತ್ತು. ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದ ಕಡೆ ಬಿಳಿಚಿಕೊಂಡು ಮತ್ತೆ ಕೆಂಪಾಯಿತು. ಹಾಗಾದರೆ ಒಳಗೆ ಇನ್ನೂ ಕೆಟ್ಟಿಲ್ಲ. ಮಗ್ಗುಲು ಬದಲಿಸಿ, ಅಲ್ಲೇ ಮಂಚದ ಕಾಲಿಗೆ ಒರಗಿ ಕೂತಳು. ಅಳುವುದಕ್ಕೂ ತ್ರಾಣವಿರಲಿಲ್ಲ ಎಂದು ಆಮೇಲೆ ಹೇಳಿದಳು.

ಮೂರನೆಯ ಶನಿವಾರ ಪಕ್ಕದ ಮನೆಯ ಬಾಗಿಲು ತೆರೆಯಲಿಲ್ಲ. ಚಿಕ್ಕಮ್ಮ ಸೀರೆ ಬದಲಿಸುವ ಗೋಜಿಗೂ ಹೋಗದೆ ಅಕ್ಕನ ಬಳಿ ಕೂತಿದ್ದಳು. ಪಾಳಿ ಮುಗಿಸಿ ಬಂದ ಕಾಲುಗಳು ಊದಿದ್ದವು. ಐದಕ್ಕೆ ಕಾಲು ಗಂಟೆ ಇರುವಾಗ ಯಾರೋ ಬಾಗಿಲು ಬಡಿದರು. ಕೊಡೆ ಹಿಡಿದು ಟೀಚರಮ್ಮ ನಿಂತಿದ್ದರು.

“ಹೊರಡು. ಮಗ್ಗುಲು ಬದಲಿಸೋದು ಹೇಗೆ ಅಂತ ತೋರಿಸಿ ಹೋಗು.”

“ನಾನು ಮತ್ತೆ ಮಲಗ್ತೀನಿ ಟೀಚರ್. ಮೊದಲೇ ಹೇಳಿಬಿಡ್ತೀನಿ.”

“ಗೊತ್ತು.” ಟೀಚರಮ್ಮ ಕೊಡೆ ಮಡಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. “ಹೋದ ವಾರ ನಾನು ಪೂರ್ತಿ ಎಚ್ಚರವಾಗೇ ಇದ್ದೆ. ನೀನು ಮಲಗಿದೀಯ ಅಂತ ನಡುವೆಯೇ ಅನುಮಾನ ಬಂತು. ಆಮೇಲೆ ಅಷ್ಟೂ ಹೊತ್ತು ನಿನ್ನನ್ನ ಹೇಗೆ ಬೈಯೋದು ಅಂತಾನೇ ಯೋಚಿಸ್ತಿದ್ದೆ. ನನ್ನ ಪದ ‘ಶಾಂತಿ’. ಒಂದು ಸಲಾನೂ ನೆನಪಾಗಲಿಲ್ಲ.”

ಮಂಚದ ಮೇಲಿಂದ ಅಕ್ಕ ಸೊಟ್ಟ ಬಾಯಲ್ಲಿ “ಯಾರು?” ಎಂದಳು.

“ಟೀಚರ್ ಬಂದಿದಾರೆ ಅಕ್ಕ.”

“ಪಾಠ ಬೇಡ” ಎಂದಳು ಅಕ್ಕ.

“ಮಾಡಲ್ಲಮ್ಮ” ಎಂದರು ಟೀಚರಮ್ಮ.

ಅಂದು ಮೂರನೆಯ, ಗುಲಾಬಿ ಬಣ್ಣದ ಮೇಣದಬತ್ತಿಯೂ ಉರಿಯಿತು. ಗಂಟೆ ಕಾಂಪೌಂಡರ್ ತಾತನ ಕೈಯಲ್ಲಿತ್ತು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ, ಬೆರಳಿನಿಂದ ತಟ್ಟಿದಷ್ಟೇ ಮೆಲ್ಲಗೆ ಬಾರಿಸಿದರು. ನಾವು ಕುರ್ಚಿ ಎಳೆಯದೆ ಎದ್ದು ಹೊರಗೆ ಬಂದೆವು. ಚಿಕ್ಕಮ್ಮ ಗೋಡೆಗೆ ತಲೆಯಾನಿಸಿ ಕೂತೇ ಇದ್ದಳು. ಕಾವಲುಗಾರನಿಗೆ ತಾತ ಏನು ಹೇಳಿದರೋ, ಆರು ಗಂಟೆಯವರೆಗೆ ಅವನು ಆ ಕಡೆ ಸುಳಿಯಲಿಲ್ಲ.

ಅವಳು ಮನೆ ಸೇರುವಷ್ಟರಲ್ಲಿ ಅಕ್ಕ ಇನ್ನೊಂದು ಮಗ್ಗುಲಿಗೆ ಬಂದಿದ್ದಳು. ಟೀಚರಮ್ಮ ಎರಡೂ ಕೈಗಳಿಂದ ತಮ್ಮ ಸೊಂಟ ಹಿಡಿದುಕೊಂಡು ಕೂತಿದ್ದರು, ಜಡೆ ಬಿಚ್ಚಿಹೋಗಿತ್ತು.

“ರಾತ್ರಿಯೆಲ್ಲ ಇದನ್ನೇ ಮಾಡ್ತೀಯಾ?” ಎಂದು ಕೇಳಿದರು. ಚಿಕ್ಕಮ್ಮ ನೀರು ತಂದುಕೊಟ್ಟಳು. ಕುಡಿದು ಮುಗಿಸಿ ಟೀಚರಮ್ಮ ಮತ್ತೆ ಕೇಳಿದರು. “ಮುಂದಿನ ಶನಿವಾರವೂ ಬರ್ತೀನಿ. ಇವತ್ತು ಎಷ್ಟು ಹೊತ್ತು ಎಚ್ಚರ ಇದ್ದೆ?”

ಚಿಕ್ಕಮ್ಮ ಲೋಟ ತೊಳೆದಿಟ್ಟು, ಹೆಚ್ಚೂ ಹೇಳದೆ ಕಡಿಮೆಯೂ ಹೇಳದೆ ಲೆಕ್ಕ ಹಾಕಿದಳು.

“ಎಂಟು ಚಾದರ.”