ಹೂಂ ಮಾವನಿಗೆ ಆಗದ ಮುಸುಕು

ದಡದಲ್ಲಿ ನಮ್ಮ ಯಜಮಾನರನ್ನು ಎಲ್ಲರೂ ಹೂಂ ಮಾವ ಅಂತಾರೆ. ಮೀನು ಸಿಕ್ತಾ ಅಂದರೂ ಹೂಂ, ಮಳೆ ಬರುತ್ತಾ ಅಂದರೂ ಹೂಂ. ಮೊದಲು ಹೀಗಿರಲಿಲ್ಲ, ಮಾತಿಗೆ ಮಾತು ಜೋಡಿಸೋ ಮನುಷ್ಯ. ವಯಸ್ಸಾಗ್ತಾ ಗಂಡಸರಿಗೆ ಮಾತು ಕಮ್ಮಿಯಾಗುತ್ತೆ, ನನ್ನ ಪುಣ್ಯ ಅಂದುಕೊಂಡು ಸುಮ್ಮನಿದ್ದೆ. ಅಂಥವರು ಒಂದು ತುಂಡು ಬಟ್ಟೆಯ ವಿಷಯಕ್ಕೆ ಮಾತ್ರ ಊಹೂಂ ಅಂತ ಪಟ್ಟು ಹಿಡಿದರೆ ನನಗೆ ಅನುಮಾನ ಬಾರದೆ ಇರುತ್ತಾ?

ವಿಷಯ ಇಷ್ಟೇ. ನನ್ನ ಮೇಲ್ತುಟಿಯ ಹತ್ತಿರ ಒಂದು ಒರಟು ಮಚ್ಚೆ ಎದ್ದಿತ್ತು. ಚರ್ಮದ ಡಾಕ್ಟರಮ್ಮ ಅದನ್ನು ಕೆರೆದು ತೆಗೆದು, "ಇನ್ನು ಮೇಲೆ ಬಾಯಿ ಮೂಗು ಬಿಸಿಲಿಗೆ ತೋರಿಸಬೇಡಿ. ಮುಖ ಮುಚ್ಚಿಕೊಂಡು ದೋಣಿ ಹತ್ತಿ, ಇಲ್ಲಾಂದ್ರೆ ದೋಣಿ ಬಿಡಿ. ಇನ್ನೊಂದು ಸಲ ಬಂದರೆ ಕೆರೆಯೋದರಲ್ಲಿ ಮುಗಿಯಲ್ಲ," ಅಂದರು. ಟೋಪಿ ಹಾಕ್ಕೋತೀನಿ ಅಂದೆ. "ಟೋಪಿ ಮೇಲಿನ ಬಿಸಿಲು ತಡೆಯುತ್ತೆ. ನೀರಿಗೆ ಬಡಿದು ಕೆಳಗಿನಿಂದ ಬರೋ ಬಿಸಿಲಿಗೆ ಏನು ಮಾಡ್ತೀರಿ?" ಅದೂ ನಿಜವೇ.

ದೋಣಿ ಬಿಡೋ ಮಾತು ಮಾತ್ರ ನನ್ನ ಹತ್ತಿರ ಆಡಬಾರದು. ಮದುವೆಯಾದ ವರ್ಷದಿಂದ ಅದರ ಹಿಂತುದಿಯಲ್ಲಿ ಕೂರೋ ಹಲಗೆ ನನ್ನದು. ಇವರು ನಡುವೆ ಕೂತು, ಹೋಗೋ ದಿಕ್ಕಿಗೆ ಬೆನ್ನು ಹಾಕಿ, ನನ್ನ ಕಡೆ ಮುಖ ಮಾಡಿ ಹುಟ್ಟು ಹಾಕ್ತಾರೆ. ನಾನು ಎದುರಿನ ದಾರಿ ನೋಡ್ತಾ ಎರಡೂ ಕೈಯಲ್ಲಿ ಬಲೆ ಬಿಡ್ತೀನಿ, "ದಡಕ್ಕೆ", "ಆಳಕ್ಕೆ" ಅಂತ ಹೇಳ್ತಾ ಹೋಗ್ತೀನಿ. ಬೆನ್ನಿಗೆ ಕಣ್ಣಿಲ್ಲವಲ್ಲ, ಅವರ ಕಣ್ಣು ನಾನೇ.

ಮೊದಲು ಹತ್ತಿಯ ಟವೆಲ್ ಸುತ್ತಿಕೊಂಡೆ. ಒದ್ದೆಯಾದರೆ ಮೂಗಿಗೆ ಅಂಟಿಕೊಂಡು ಉಸಿರೇ ಕಟ್ಟೋದು. ಅದು ಒಣಗಲಿ ಅಂತ ಹರವಿದರೆ ಇವರು ಅದರಲ್ಲೇ ಮೀನಿನ ಲೋಳೆ ಒರೆಸಿ ಇಟ್ಟರು. ಆಮೇಲೆ ಬಲೆ ಅಂಗಡಿಯಿಂದ, ಕಾಲುಚೀಲದ ಹಾಗೆ ಕತ್ತಿನಿಂದ ಮೂಗಿನವರೆಗೆ ಎಳೆದುಕೊಳ್ಳೋ ಬಿಳಿ ಬಟ್ಟೆ ತಂದೆ. "ಬಿಳಿ ಕಂಡರೆ ಮೀನು ಓಡಿಹೋಗುತ್ತೆ," ಅಂದರು.

"ಇಷ್ಟು ವರ್ಷ ನನ್ನ ಮುಖ ಕಂಡು ಓಡದ ಮೀನು, ಈಗ ಬಟ್ಟೆ ಕಂಡು ಓಡುತ್ತಾ?"

"ಹೂಂ."

ಕುಂಟು ನೆಪ ಅಂತ ಗೊತ್ತಿದ್ದೂ ಅಂಗಡಿಗೆ ವಾಪಸ್ ಹೋದೆ. ಒಂದೊಂದನ್ನೇ ಬಲ್ಬಿಗೆ ಹಿಡಿದು ನೋಡಿ, ಬೆಳಕು ತೂರದ ಬೂದು ಬಣ್ಣದ್ದೊಂದನ್ನು ಆರಿಸಿದೆ. ಅಂಗಡಿಯವನು, "ಅಕ್ಕ, ಇದು ಮುಖಕ್ಕಾ, ಕಿಟಕಿಗಾ?" ಅಂತ ರೇಗಿಸಿದ. ತಂದ ವಾರದಲ್ಲೇ ಅದು ಮಾಯ. "ನೀರಿಗೆ ಬಿತ್ತೇನೋ," ಅಂದರು ಇವರು, ಬೇರೆ ಕಡೆ ನೋಡ್ತಾ. ಒಂದು ದಿನ ಸೂಜಿ ಹುಡುಕ್ತಾ ಇವರ ಪೆಟ್ಟಿಗೆ ತೆಗೆದರೆ, ಬಲೆಯ ಬೆಂಡುಗಳ ಕೆಳಗೆ ಬಟ್ಟೆ ಅಚ್ಚುಕಟ್ಟಾಗಿ ಕೂತಿದೆ. ನೀರಿಗೆ ಬಿದ್ದ ಬಟ್ಟೆ ತಾನೇ ಮಡಚಿಕೊಂಡು ಪೆಟ್ಟಿಗೆ ಸೇರುತ್ತಾ?

ಆಗ ಮೈದುನನ ಮೇಲೆ ನನ್ನ ಕಣ್ಣು ಬಿತ್ತು. ಇವರ ತಮ್ಮ. ಐಸ್ ಫ್ಯಾಕ್ಟರಿ ಮುಚ್ಚಿದ ಮೇಲೆ ಕೆಲಸವಿಲ್ಲದೆ ದೋಣಿ ಸುತ್ತ ಸುಳಿದಾಡ್ತಿದ್ದ. ಅಡುಗೆಮನೆ ಕಿಟಕಿಯಿಂದ ನೋಡಿದರೆ ದಿನಾ ಅಣ್ಣನ ಕಿವಿ ಕಚ್ಚೋದೇ ಕೆಲಸ. ಬಾಯಿ ಕಿವಿಗೆ ಅಂಟಿಸಿಯೇ ಮಾತು, ಅಷ್ಟು ದೂರದಿಂದ ನನಗೇನೂ ಕೇಳಿಸದು. ನಾನು ಹೊರಗೆ ಬಂದ ತಕ್ಷಣ ಇಬ್ಬರೂ ಗಪ್‌ಚಿಪ್. ಎರಡಕ್ಕೆರಡು ಕೂಡಿಸಿ ಲೆಕ್ಕ ಹಾಕಿದೆ. ಮುಸುಕು ಇಲ್ಲದಿದ್ದರೆ ನಾನು ದೋಣಿ ಬಿಡಬೇಕು. ನಾನು ಬಿಟ್ಟರೆ ನನ್ನ ಹಲಗೆಯ ಮೇಲೆ ತಮ್ಮ ಕೂರ್ತಾನೆ. ಬಾಯಿಬಿಟ್ಟು ಹೇಳೋಕೆ ಧೈರ್ಯವಿಲ್ಲ, ಬಟ್ಟೆ ಬಚ್ಚಿಟ್ಟು ಹೊರಗೆ ಹಾಕ್ತಿದ್ದಾರೆ. ಅವತ್ತು ಮೈದುನನಿಗೆ ಎರಡನೇ ಸಲ ಅನ್ನ ಬಡಿಸಲಿಲ್ಲ, ಬೇಕಾ ಅಂತ ಕೇಳಲೂ ಇಲ್ಲ.

ಮಾರನೆಯ ಬೆಳಿಗ್ಗೆ ಆ ಬೂದು ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿ ಹತ್ತಿದೆ. ದಡ ದೂರವಾದ ಮೇಲೆ ತೆಗೆದು ಕತ್ತಿಗೆ ಹಾಕಿಕೊಂಡು ಮೂಗಿನವರೆಗೆ ಏರಿಸಿದೆ. ಇವರ ಮುಖ ಸಪ್ಪಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂದುಕೊಂಡು ಬಲೆ ಬಿಡೋಕೆ ಶುರು ಮಾಡಿದೆ.

ಅರ್ಧ ಬಲೆ ಇಳಿದಿತ್ತು. ಎದುರಿನ ತಿರುವಿನಿಂದ ಮರಳು ತುಂಬಿದ ದೊಡ್ಡ ದೋಣಿ ಬಂತು, ನೇರ ನಮ್ಮ ಮೇಲೇ. "ದಡಕ್ಕೆ," ಅಂದೆ. ಇವರು ಹುಟ್ಟು ಹಾಕ್ತಾನೇ ಇದ್ದಾರೆ. "ದಡಕ್ಕೆ ರೀ," ಅಂತ ಕೂಗಿದೆ. ಆ ದೋಣಿಯವರು ಹಾರ್ನ್ ಹೊಡೆದರು, ನನ್ನ ಎದೆ ಅದುರಿತು. ಇವರು ತಿರುಗಿ ಕೂಡ ನೋಡಲಿಲ್ಲ. ನನ್ನ ಮುಸುಕನ್ನೇ ನೋಡ್ತಿದ್ದಾರೆ, ಕಣ್ಣಲ್ಲಿ ಭಯ. ಕೈಯಲ್ಲಿದ್ದ ಬಲೆ ಹಾಗೇ ಬಿಟ್ಟು ಬಟ್ಟೆ ಕೆಳಗೆಳೆದು "ದಡಕ್ಕೆ" ಅಂದೆ. ಹೇಳಿ ಮುಗಿಸೋದರೊಳಗೆ ದೋಣಿ ತಿರುಗಿತು. ಮರಳಿನ ದೋಣಿ ಪಕ್ಕದಲ್ಲೇ ಉಜ್ಜಿಕೊಂಡ ಹಾಗೆ ಹೋಯಿತು.

ಜಾರಿದ ಬಲೆಯ ತುದಿಯನ್ನು ಎಳೆದು ಹಲಗೆಗೆ ಸಿಕ್ಕಿಸಿದೆ. ಆಮೇಲೆ ಮುಸುಕು ಮತ್ತೆ ಏರಿಸಿ, ಒಳಗಿನಿಂದ ಜೋರಾಗಿಯೇ ಕೇಳಿದೆ. "ನನ್ನ ಹಲಗೆ ತಮ್ಮನಿಗೆ ಕೊಡ್ತೀರಾ?"

"ಹೂಂ," ಅಂದರು.

"ನಾನು ನೀರಿಗೆ ಹಾರಲಾ?"

"ಹೂಂ."

ಬಟ್ಟೆ ಇಳಿಸಿದೆ. ತಾನು ಸಿಕ್ಕಿಬಿದ್ದೆ ಅಂತ ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಹುಟ್ಟು ಮೇಲೆತ್ತಿಟ್ಟರು.

"ಯಾವಾಗಿನಿಂದ?" ಅಂದೆ.

"ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಯ್ತು. ನಿನ್ನ ಬಾಯಿ ಕಂಡರೆ ಸಾಕಿತ್ತು, ದಾರಿ ಗೊತ್ತಾಗ್ತಿತ್ತು. ತಮ್ಮನಿಗೆ ಗೊತ್ತು. ಅತ್ತಿಗೆಗೆ ಹೇಳು ಅಂತ ದಿನಾ ಕಿವಿ ಹತ್ತಿರ ಬಂದು ಕಿರುಚ್ತಾನೆ."

"ನನ್ನ ಮುಖ ಸುಟ್ಟರೂ ಚಿಂತೆಯಿಲ್ಲ, ನಿಮ್ಮ ಗುಟ್ಟು ಉಳೀಬೇಕು, ಅಲ್ವಾ?"

ಅದು ಅವರಿಗೆ ಚೆನ್ನಾಗಿ ತಿಳಿಯಿತು. "ಆ ಬಟ್ಟೆ ಬಚ್ಚಿಟ್ಟ ದಿನದಿಂದ ನಿದ್ದೆ ಇಲ್ಲ ಕಣೆ," ಅಂದರು. "ಕಿವಿ ಕೇಳದವನ ಜೊತೆ ನೀರಿಗೆ ಯಾರು ಬರ್ತಾರೆ? ನೀನೇ ಮೊದಲು ದೋಣಿಯಿಂದ ಇಳಿಸ್ತೀಯ ಅಂತ ಹೆದರಿದೆ."

ನನಗೆ ಕೋಪ ಬಂತು, ಅದಕ್ಕಿಂತ ಹೆಚ್ಚು ಅಳು ಬಂತು. ನನ್ನನ್ನು ಇಳಿಸ್ತಾರೆ ಅಂತ ನಾನು, ಅವರನ್ನು ಇಳಿಸ್ತೀನಿ ಅಂತ ಅವರು. ಒಂದೇ ದೋಣಿಯಲ್ಲಿ ಎದುರುಬದುರು ಕೂತು ಒಬ್ಬರಿಗೊಬ್ಬರು ಕಳ್ಳರಾಗಿದ್ದೆವು. "ಏಳಿ," ಅಂದೆ. "ಈ ಕಡೆ ಬನ್ನಿ." ದೋಣಿ ಅಲ್ಲಾಡ್ತಿತ್ತು. ಒಬ್ಬರನ್ನೊಬ್ಬರು ಹಿಡಿದುಕೊಂಡು ಜಾಗ ಬದಲಾಯಿಸಿದೆವು.

ಈಗ ಹುಟ್ಟು ನನ್ನ ಕೈಯಲ್ಲಿ, ಬಲೆ ಅವರ ಕೈಯಲ್ಲಿ. ನನ್ನ ಹಲಗೆ ಬಿಟ್ಟುಕೊಡೋಕೆ ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಮೈದುನನಿಗೆ ಮಾತ್ರ ಅವತ್ತೇ ಮೂರು ಸಲ ಬಡಿಸಿದೆ. ಎದುರಿನಿಂದ ಬರೋದು ಅವರಿಗೆ ಕಾಣುತ್ತೆ, ಹಿಂದಿನಿಂದ ಬರೋದು ನನಗೆ ಕಾಣುತ್ತೆ, ಕೇಳುತ್ತೆ ಕೂಡ. ನಾನು ಬೂದು ಬಟ್ಟೆಯನ್ನು ಕಣ್ಣಿನ ಕೆಳಗಿನವರೆಗೆ ಎಳೆದುಕೊಂಡು ಕೂರ್ತೀನಿ. ಹೂಂ ಮಾವನಿಗೆ ಮತ್ತೆ ಮಾತು ಬಂದಿದೆ. "ಆಳಕ್ಕೆ. ಇನ್ನೂ ಆಳಕ್ಕೆ. ಕಿವಿ ಕೇಳಲ್ವೇನೇ ನಿನಗೆ?" ಅಂತ ಗದರಿಸ್ತಾರೆ.

ಹೂಂ, ಅಂತೀನಿ ಮುಸುಕಿನೊಳಗಿನಿಂದ. ಅದು ಅವರಿಗೆ ಕೇಳಲ್ಲ, ಅದಕ್ಕೆ ತಲೆಯನ್ನೂ ಆಡಿಸ್ತೀನಿ.