ಆಚೆಮನೆ ಅತ್ತೆ ಕಂಡ ಕೆರೆಗಳು

ಹೋದ ವಾರ ಎದುರುಮನೆಯವರು ಹೂಗಿಡಗಳಿಗೆಂದು ಒಂದು ಟ್ರ್ಯಾಕ್ಟರ್ ಕೆರೆಯ ಗೋಡುಮಣ್ಣು ಹೊಡೆಸಿದರು. ಹಸಿ ಮಣ್ಣು, ಕೊಳೆತ ಜೊಂಡು, ಸತ್ತ ಮೀನು ಎಲ್ಲ ಸೇರಿದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಹೋದಳು. ಬೇಡ, ತೆಗೆದೇ ಇರಲಿ ಎಂದೆ. ಯಾವ ಕಾಲದ್ದೋ ಸಿಟ್ಟು ಹಾಗೇ ಮೇಲೆದ್ದಿತ್ತು... ನನ್ನ ಮಂಡಿಗಳಿಗೆ ವಯಸ್ಸಾಗಿದೆ, ಈ ಸಿಟ್ಟಿಗೆ ಮಾತ್ರ ಆಗಿಲ್ಲ.

ನಾನು ಮದುವೆಯಾಗಿ ಸುಗಟೂರಿನ ಕಡೆಯ ಆ ಹಳ್ಳಿಗೆ ಬಂದದ್ದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ಒಂಟಿಯಾಗಿ ಇದ್ದಳು. ನೆಂಟಳಲ್ಲದಿದ್ದರೂ ನಾನು ಅವಳನ್ನು ಆಚೆಮನೆ ಅತ್ತೆ ಎನ್ನುತ್ತಿದ್ದೆ. ಗೌನಿಪಲ್ಲಿ ಕಡೆಯವಳು, ತೆಲುಗು ಮನೆಮಾತು. ದಿನಾ ಬೆಳಗ್ಗೆ ಹಸುವಿನ ಕೆಲಸ ಮುಗಿಸಿ ಕೆರೆ ಏರಿಯ ಮೇಲೆ ಹೋಗಿ ಕಣ್ಣು ಮುಚ್ಚಿ ಕೂತರೆ ಬಿಸಿಲು ನೆತ್ತಿಗೇರುವವರೆಗೆ ಏಳುತ್ತಿರಲಿಲ್ಲ. ದೊಡ್ಡ ಜ್ಞಾನಿ ಎಂದು ಊರು ದೂರದಿಂದಲೇ ಕೈಮುಗಿಯುತ್ತಿತ್ತು. ಜ್ಞಾನವೂ ಇಲ್ಲ ಮಣ್ಣೂ ಇಲ್ಲ, ಅವಳು ಕೂರುತ್ತಿದ್ದದ್ದು ಸೇಡಿಗೆ.

ನಾನು ಬರುವುದಕ್ಕೆ ಒಂದೆರಡು ವರ್ಷ ಹಿಂದೆ ಅವಳ ಒಬ್ಬನೇ ಮಗ ಸತ್ತಿದ್ದ. ಮದುವೆಗೆ ಹೆಣ್ಣು ನೋಡಿಟ್ಟಿದ್ದ ಹುಡುಗ. ನಮ್ಮ ಕಡೆ ಕೆರೆಯ ತೂಬು ಎತ್ತುವುದಕ್ಕೆ ಒಂದು ಕ್ರಮ ಉಂಟು. ನೀರು ಬಿಡುವ ನೀರುಗಂಟಿ ಏರಿಯ ಮೇಲೆ ನಿಂತು, ತೂಬು ಎತ್ತುತ್ತೀನಿ ಎಂದು ಕೂಗಬೇಕು. ಏರಿಯ ಕೆಳಗಿಂದ ಯಾರಾದರೂ, ಎತ್ತು ಎಂದು ಓಗೊಡಬೇಕು. ಓಗೊಡುವವರೆಗೆ ಅವನು ಕಾಯಲೇಬೇಕು, ಏಕೆಂದರೆ ಏರಿಯ ಅಡಿಯ ಕಲ್ಲುಗಾಲುವೆಯಲ್ಲಿ ಹೂಳು ತೆಗೆಯುವವರು ಇರುತ್ತಾರೆ. ಅವತ್ತು ನೀರುಗಂಟಿ ಮುಳಬಾಗಿಲಿಗೆ ಹೋಗಿದ್ದ. ಗದ್ದೆ ಒಣಗುತ್ತಿದೆ ಎಂದು ಪಟೇಲ ತಾನೇ ಬಂದು ತೂಬು ಎತ್ತಿದ. ಕೂಗಲಿಲ್ಲ. ಕೂಗುವುದು ನೀರುಗಂಟಿಯ ಕೆಲಸ, ಪಟೇಲನಾದವನು ಏರಿ ಮೇಲೆ ನಿಂತು ಗಂಟಲು ಹರಿದುಕೊಳ್ಳುತ್ತಾನೆಯೇ? ಕಾಲುವೆಯೊಳಗೆ ಅತ್ತೆಯ ಮಗನಿದ್ದ.

ಆಮೇಲೆ ಪಂಚಾಯ್ತಿಯಲ್ಲಿ ಪಟೇಲ, ನಾನು ಕೂಗಿದ್ದೆ, ಅವನೂ ಓಗೊಟ್ಟ, ಓಗೊಟ್ಟು ಹೊರಗೆ ಬರದೆ ಅಲ್ಲೇ ಕೂತಿದ್ದು ಅವನ ಮಂಕುತನ ಎಂದ. ಗದ್ದೆಯಲ್ಲಿ ಪೈರು ಕೀಳುತ್ತಿದ್ದ ಹೆಂಗಸರು ಯಾವ ಕೂಗನ್ನೂ ಕೇಳಿರಲಿಲ್ಲ. ನಾನು ಬಂದ ಮೇಲೆ ನನಗೆ ಹಿತ್ತಲಲ್ಲಿ ಪಿಸುಗುಟ್ಟಿದರು, ಪಂಚಾಯ್ತಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಲ್ಲಿಂದ ಆ ಹುಡುಗನಿಗೆ ಊರಿನಲ್ಲಿ ಮಂಕ ಎಂಬ ಹೆಸರೇ ಉಳಿಯಿತು. ಮಗನ ಸಾವಿಗಿಂತ ಹೆಚ್ಚಾಗಿ ಅತ್ತೆಯ ಕರುಳು ಸುಟ್ಟಿದ್ದು ಅದು. ಪಟೇಲ ಏರಿಯ ಮೇಲೆ ಊರವರೆಲ್ಲರ ಮುಂದೆ ನಿಂತು, ಅವತ್ತು ನಾನು ಕೂಗಲಿಲ್ಲ ಎಂದು ಒಂದು ಸಲ ಹೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮಗನ ತಿಥಿ ಮುಗಿಸಿ ಅವಳು ಆವನಿ ಬೆಟ್ಟಕ್ಕೆ ಹೋಗಿ, ಅಲ್ಲಿ ಗವಿಯಲ್ಲಿದ್ದ ಒಬ್ಬ ಬೈರಾಗಿಯ ಬಳಿ ಕೆಲವು ತಿಂಗಳು ಇದ್ದು ಬಂದಳಂತೆ. ಉಸಿರು ನೋಡುತ್ತ ಮನಸ್ಸು ನಿಲ್ಲಿಸುವುದನ್ನೂ, ಕೋಪ ಬಿಡುವುದನ್ನೂ ಅವನು ಹೇಳಿಕೊಟ್ಟ. ಮೊದಲನೆಯದನ್ನು ಇವಳು ಕಲಿತಳು, ಎರಡನೆಯದನ್ನು ಅವನ ಗವಿಯಲ್ಲೇ ಬಿಟ್ಟು ಬಂದಳು.

ಕಣ್ಣು ಮುಚ್ಚಿದರೆ ಏನು ಕಾಣುತ್ತದೆ ಎಂದು ಒಮ್ಮೆ ಕೇಳಿದೆ. ಅವರೆಕಾಯಿ ಸುಲಿಯುತ್ತಲೇ ಹೇಳಿದಳು. ನಮ್ಮ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಹೋಗುವುದಿಲ್ಲವೇ, ಲೋಕವೂ ಹಾಗೇ ಒಂದರ ಕೆಳಗೊಂದು ಇದೆಯಂತೆ. ಮನಸ್ಸು ತುಂಬಿ ನಿಂತ ಮೇಲೆ ತಾನಾಗಿ ಕೋಡಿ ಹರಿದು ಕೆಳಗಿನದಕ್ಕೆ ಇಳಿಯುತ್ತದಂತೆ. ಅಲ್ಲೂ ಇದೇ ಏರಿ, ಇದೇ ಬೆಳಗು. ಒಂದರಲ್ಲಿ ನೀರುಗಂಟಿ ಊರಲ್ಲೇ ಇದ್ದ. ಇನ್ನೊಂದರಲ್ಲಿ ಪಟೇಲ ಕೂಗಿದ, ಮಗ ಮೈಯೆಲ್ಲ ಕೆಸರಾಗಿ ಹೊರಗೆ ಬಂದು ರೊಟ್ಟಿ ಕೇಳಿದ... ಹಾಗಾದರೆ ಅಲ್ಲೇ ಇದ್ದುಬಿಡಬಾರದೇ ಅತ್ತೆ, ಇಲ್ಲಿಗೆ ಯಾಕೆ ತಿರುಗಿ ಬರುತ್ತೀರಿ ಎಂದೆ.

"ಅಲ್ಲಿರೋ ಮಗನಿಗೆ ಅಲ್ಲೊಬ್ಳು ತಾಯಿ ಅವ್ಳೆ ಕಣೇ," ಎಂದಳು. "ಇಲ್ಲಿ ಸತ್ತೋನಿಗೆ ನಾನೊಬ್ಳೇ."

ಏರಿಯಿಂದ ಎದ್ದವಳು ನೇರವಾಗಿ ಪಟೇಲನ ಮನೆಗೆ ಹೋಗುತ್ತಿದ್ದಳು. ಜಗಲಿಯಲ್ಲಿ ನಾಲ್ಕು ಜನ ಕೂತಿರುವಾಗಲೇ ಎದುರಿಗೆ ನಿಂತು, ಆ ದಿನ ಕಂಡದ್ದನ್ನು ಮೆಲ್ಲಗೆ ಒಪ್ಪಿಸುತ್ತಿದ್ದಳು. ಇವತ್ತು ಕಂಡ ಕೆರೆಯಲ್ಲಿ ನೀನು ಕೂಗಿದೆ ಪಟೇಲ. ಮಾರನೆಯ ದಿನ, ಇವತ್ತಿನದರಲ್ಲೂ ಕೂಗಿದೆ. ಇವತ್ತಿನದರಲ್ಲಿ ಓಗೊಡುವವರೆಗೆ ಕಾದೆ, ಒಳ್ಳೆಯವನು ನೀನು. ಬೈಗುಳವಿಲ್ಲ, ಶಾಪವಿಲ್ಲ. ಬೈದಿದ್ದರೆ ಎಳೆದು ಹಾಕಿಸುತ್ತಿದ್ದ. ಜ್ಞಾನಿ ಎಂದು ಊರೇ ಕೈಮುಗಿಯುವವಳನ್ನು ಏನು ಮಾಡಿಯಾನು? ಕೋಲಾರಕ್ಕೆ ಹೋಗಿ ಕೂತರೂ ಮರಳಿ ಬರುವಷ್ಟರಲ್ಲಿ ಇವಳು ಬಾಗಿಲಲ್ಲಿರುತ್ತಿದ್ದಳು. ನಾನು ನೀರು ಸೇದುವ ನೆಪ ಮಾಡಿಕೊಂಡು ಆ ಬೀದಿಯಲ್ಲಿ ಹೋಗಿ ಅವನ ಮುಖ ಬಾಡುವುದನ್ನು ಕಣ್ತುಂಬ ನೋಡಿ ಬರುತ್ತಿದ್ದೆ. ಅವತ್ತು ನನಗೆ ಊಟ ಸೇರುತ್ತಿತ್ತು.

ಗದ್ದೆ ಕೊಡುತ್ತೇನೆ ಎಂದು ಪಟೇಲ ಹೇಳಿ ಕಳಿಸಿದ. ಮಗನ ಹೆಸರಿನಲ್ಲಿ ಅರವಟ್ಟಿಗೆ ಇಡಿಸುತ್ತೇನೆ ಎಂದ. ಅವಳು ತನಗೆ ಬೇಕಾದದ್ದನ್ನೇ ಮತ್ತೆ ಹೇಳಿದಳು. ಅದೊಂದನ್ನು ಬಿಟ್ಟು ಎಲ್ಲವನ್ನೂ ಕೊಡಲು ಅವನು ತಯಾರಿದ್ದ.

ಯುದ್ಧ ಮುಗಿಯುವ ಹೊತ್ತಿಗೆ ಪಟೇಲ ಅರ್ಧ ಆಗಿದ್ದ. ಬೆಳಗಾದರೆ ತಾನೇ ಏರಿಗೆ ಬಂದು, ತೂಬು ಎತ್ತುವ ದಿನವಲ್ಲದಿದ್ದರೂ, ತೂಬು ಎತ್ತುತ್ತೀನಿ ಎಂದು ಕೂಗತೊಡಗಿದ. ಅಷ್ಟು ದೊಡ್ಡ ಮನುಷ್ಯ, ಆ ಜರಿಪೇಟ, ಬಾಯಿ ಒಣಗುವವರೆಗೆ ಕೂಗಿ ಕಾಯುವನು. ಗದ್ದೆಯ ಹೆಂಗಸರು ತಲೆ ಬಗ್ಗಿಸಿಕೊಂಡು ಕಳೆ ಕೀಳುತ್ತಿದ್ದರು. ಅತ್ತೆ ಅಲ್ಲೇ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅವಳು ಓಗೊಡದೆ ಬೇರೆ ಯಾರೂ ಓಗೊಡಲಿಲ್ಲ.

ಅವನು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಹೇಳಿ ಕಳಿಸಿದ. ನಾನೂ ಜೊತೆಗೆ ಹೋದೆ. ಸಂಜೆ ಊರವರನ್ನು ಸೇರಿಸುತ್ತಾನೆ, ಮಂಚವನ್ನು ಏರಿಗೆ ಹೊರಿಸಿಕೊಂಡಾದರೂ ಹೋಗಿ ಹೇಳುತ್ತಾನೆ ಎಂದು ನಾನು ಹುಚ್ಚಿಯ ಹಾಗೆ ಅಂದುಕೊಂಡಿದ್ದೆ. ಅವನು ಮನೆಯವರನ್ನೆಲ್ಲ ಹೊರಗೆ ಕಳಿಸಿದ, ನಾನು ಮಾತ್ರ ಬಾಗಿಲ ಬಳಿಯೇ ನಿಂತೆ. ಸಾಯುವಾಗಲೂ ಸಾಕ್ಷಿ ಬೇಡವಾಗಿತ್ತು.

"ನೀನು ನೋಡಿರೋ ಕೆರೆಗಳಲ್ಲಿ," ಎಂದ, ಉಸಿರು ಹಿಡಿದುಕೊಂಡು, "ಯಾವ್ದಾದ್ರೂ ಒಂದ್ರಲ್ಲಿ ನಾನು ತಪ್ಪು ಒಪ್ಕೊಂಡಿದೀನಾ?"

ಅತ್ತೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು. ಎಷ್ಟು ಹೊತ್ತೋ... ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅಂಥ ಆಸೆಯನ್ನು ನಾನು ಇನ್ನೊಬ್ಬರ ಕಣ್ಣಲ್ಲಿ ಕಂಡಿಲ್ಲ. ಕೊನೆಗೆ ಅವಳು ಕಣ್ಣು ಬಿಟ್ಟಳು.

"ನೀನು ಕೂಗದೇ ಇರೋ ಕೆರೆಗಳಲ್ಲೆಲ್ಲ ಒಪ್ಕೊಂಡಿದೀಯ ಪಟೇಲ. ಇದೊಂದನ್ನ ಬಿಟ್ಟು."

ಸೆರಗು ಕೊಡವಿ ಎದ್ದು ಬಂದುಬಿಟ್ಟಳು. ದಾರಿಯಲ್ಲಿ ನಾನು ತಡೆಯಲಾರದೆ, ನಿಜವಾಗಿ ಹಾಗೇ ಕಂಡಿತೇ ಎಂದು ಕೇಳಿದೆ. ಅವನಿಗಾಗಿ ಹುಡುಕುತ್ತ ಕೂರಲು ತನಗೇನು ಬೇರೆ ಕೆಲಸವಿಲ್ಲವೇ ಎಂದಳು. ಅಷ್ಟು ಹೊತ್ತೂ ಮಗ ರೊಟ್ಟಿ ತಿನ್ನುವುದನ್ನು ನೋಡುತ್ತಿದ್ದಳಂತೆ. ಪಟೇಲ ಆ ವಾರವೇ ಹೋದ. ನಾನು ಹಬ್ಬದ ಅಡಿಗೆ ಮಾಡಿದೆ, ಅವಳು ಮುಟ್ಟಲಿಲ್ಲ. ಹೇಳಬೇಕಾದವನೇ ಹೋದ ಮೇಲೆ ಇನ್ನು ಯಾರ ಬಾಯಿಂದ ಕೇಳಲಿ ಎಂದು ಅವತ್ತು ಮೊದಲ ಸಲ ಅತ್ತಳು. ನಾಲ್ಕು ವರ್ಷ ಕಳೆದು ಅವಳೂ ಏರಿಯ ಮೇಲೆ ಕೂತಲ್ಲೇ ತೀರಿಕೊಂಡಳು.

ಮೊನ್ನೆ ಪಟೇಲನ ಮೊಮ್ಮಗ ನನ್ನನ್ನು ಹುಡುಕಿಕೊಂಡು ಬಂದಿದ್ದ. ಅವಳು ಕೂರುತ್ತಿದ್ದ ಜಾಗದಲ್ಲಿ ಮಂಟಪ ಕಟ್ಟಿಸುತ್ತಾನಂತೆ. ಮಗನನ್ನು ಕಳೆದುಕೊಂಡರೂ ಎಲ್ಲರನ್ನೂ ಕ್ಷಮಿಸಿದ ಮಹಾಯೋಗಿನಿ ಎಂದು ಕಲ್ಲಿನಲ್ಲಿ ಕೊರೆಸುತ್ತಾನಂತೆ. ನಡೆದದ್ದನ್ನು ಹೇಳಿದೆ. ನಕ್ಕು, "ಬಿಡಿ ಅಜ್ಜಿ, ಹಳೇದು," ಎಂದು ಕಾಫಿ ಕುಡಿದು ಹೋದ. ಅವನು ಕೊರೆಸುವುದನ್ನು ತಡೆಯುವ ಶಕ್ತಿ ನನಗಿಲ್ಲ. ಅವಳ ಹಾಗೆ ಉಸಿರು ನೋಡುತ್ತ ಕೂತು ಎಷ್ಟೋ ಸಲ ಅವಳನ್ನು ಹುಡುಕಿದ್ದೇನೆ, ಕತ್ತಲೆ ಬಿಟ್ಟು ನನಗೆ ಏನೂ ಕಂಡಿಲ್ಲ. ಇರುವುದು ಈ ಒಂದು ಲೋಕ, ಇದರಲ್ಲಿ ಕಂಡದ್ದನ್ನು ಹೇಳಲು ಉಳಿದಿರುವವಳು ನಾನೊಬ್ಬಳು. ಪಟೇಲ ಕೂಗಲಿಲ್ಲ. ಹುಡುಗ ಮಂಕನಲ್ಲ. ಅವಳು ಕ್ಷಮಿಸಲಿಲ್ಲ, ನಾನೂ ಕ್ಷಮಿಸಿಲ್ಲ.