ಚೌಕಾಸಿ ಇಲ್ಲದ ಒಂದು ನಿಯಮ

ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಹೋದ ಮೊದಲ ದಿನ ನಾನು ಪಾಠ ಮಾಡುವುದಿಲ್ಲ, ವ್ಯಾಪಾರ ಮಾಡುತ್ತೇನೆ. ರಾಣೆಬೆನ್ನೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವಳು ನಾನು. ತರಗತಿಯ ನಿಯಮಗಳನ್ನು ಹಲಗೆಯ ಮೇಲೆ ಬರೆದು, ಸೀಮೆಸುಣ್ಣ ಕೆಳಗಿಟ್ಟು, "ಇದು ನನ್ನ ರೇಟು. ನಿಮ್ಮದು ಹೇಳ್ರಿ" ಎನ್ನುತ್ತೇನೆ. ಹುಡುಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೈಸ್ಕೂಲು ಮುಗಿಯುವವರೆಗೆ ನಿಯಮವೆಂದರೆ ಅವರಿಗೆ ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಅದನ್ನು ಮಾತಾಡಿ ಇಳಿಸಬಹುದೆಂದು ಯಾರೂ ಹೇಳಿರುವುದಿಲ್ಲ.

ಇದನ್ನು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ನಮ್ಮಪ್ಪ ಬ್ಯಾಡಗಿಯಲ್ಲಿ ದನದ ದಲ್ಲಾಳಿಯಾಗಿದ್ದ. ಎತ್ತು ಮಾರುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ತನ್ನ ಟವೆಲ್ ಹಾಸುತ್ತಿದ್ದ. ಅದರೊಳಗೆ ಅವರು ಬೆರಳು ಹಿಡಿದು ದರ ಹೇಳುತ್ತಿದ್ದರು. ಬಾಯಲ್ಲಿ ಮಾತ್ರ ಮಳೆ, ಬೆಳೆ, ಬೀಗರ ಕ್ಷೇಮ. ಪಕ್ಕದಲ್ಲಿ ನಿಂತ ನನಗೆ ಬೆರಳು ಕಾಣುತ್ತಿರಲಿಲ್ಲ. ಹಾಗಾಗಿ ಮುಖ ನೋಡುವುದನ್ನು ಕಲಿತೆ. ಕೊಳ್ಳುವುದು ನಿಕ್ಕಿಯಾದವನು ಎತ್ತಿನ ಕಡೆ ನೋಡುವುದನ್ನು ಬಿಡುತ್ತಾನೆ. ಮುಂದೆ ಓದಿದ ದಪ್ಪ ಪುಸ್ತಕಗಳಲ್ಲಿ ನನಗೆ ಅರ್ಧದಷ್ಟು ಮಾತ್ರ ಹೊಸದಾಗಿ ಕಂಡಿತು.

ಮನೆಗೆ ಬರುವಾಗ, "ಅಪ್ಪಾ, ಎಷ್ಟಕ್ಕ ಆತು?" ಎಂದು ಕೇಳುತ್ತಿದ್ದೆ.

"ಟವೆಲ್ ಒಳಗಿನ ಮಾತು ಅದು. ನಿನಗೂ ಇಲ್ಲ, ನಿಮ್ಮವ್ವಗೂ ಇಲ್ಲ."

"ನಾ ಯಾರಿಗೂ ಹೇಳಂಗಿಲ್ಲ."

"ನೀ ಹೇಳಂಗಿಲ್ಲ ಅಂತ ನನಗ ಗೊತ್ತೈತಿ. ಆ ಎತ್ತು ಮಾರಿದಾವಗ ಗೊತ್ತಿಲ್ಲಲ್ಲ."

ಕಾಲೇಜಿನಲ್ಲಿ ಮನಃಶಾಸ್ತ್ರ ವಿಷಯ ತೆರೆಯಲು ಹಾವೇರಿಯ ಇಲಾಖೆ ಕಚೇರಿಗೆ ನಾನು ಅಲೆದದ್ದು ಅಷ್ಟಿಷ್ಟಲ್ಲ. "ಹುಚ್ಚರ ಸಬ್ಜೆಕ್ಟ್ ಯಾರು ತಗೋತಾರ್ರಿ?" ಎಂದು ಒಬ್ಬರು ಮುಖದ ಮೇಲೆಯೇ ಕೇಳಿದ್ದರು. ಪ್ರಯೋಗದ ಸಾಮಾನಿಗೆ ಅನುದಾನ ಸಿಗಲಿಲ್ಲ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಪೆಟ್ಟಿಗೆ ಪ್ರತಿ ಪ್ರಯೋಗಾಲಯಕ್ಕೂ ಬೇಕು. ಕೈ ನೇರವಾಗಿ ಕಾಣದಂತೆ ಅಡ್ಡಕ್ಕೊಂದು ಹಲಗೆ ಇರುತ್ತದೆ. ಕನ್ನಡಿ ನೋಡಿಕೊಂಡೇ ಗೆರೆ ಎಳೆಯಬೇಕು. ಕೈ ಒಂದು ಕಡೆ ಹೋದರೆ ಕಣ್ಣು ಇನ್ನೊಂದು ಕಡೆ ಹೇಳುತ್ತದೆ. ಅದನ್ನು ನಮ್ಮೂರಿನ ಬಡಿಗನಿಂದಲೇ ಮಾಡಿಸಿದೆ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಉಳಿದ ಕನ್ನಡಿ ತುಂಡು ಅದಕ್ಕೆ ಸಾಕಾಯಿತು. ಇವತ್ತಿಗೂ ಗಟ್ಟಿಯಾಗಿದೆ. ಬೇರೆ ಕಾಲೇಜಿನವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.

ನಿಯಮಗಳ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಪಾಠಕ್ಕೆ ನಿಲ್ಲುವವರಿಗೆ ನನ್ನದೊಂದು ಸಲಹೆ: ಬಿಟ್ಟುಕೊಡಲೆಂದೇ ಕೆಲವು ನಿಯಮಗಳನ್ನು ಬಿಗಿಯಾಗಿ ಬರೆಯಿರಿ. "ಫೋನ್ ತರುವಂತಿಲ್ಲ" ಎಂದು ನಾನು ಬರೆಯುತ್ತೇನೆ. "ಬಸ್ ತಪ್ಪಿದ್ರ ಮನಿಗೆ ಹೆಂಗ ಹೇಳೂದ್ರಿ?" ಎಂದು ಹಳ್ಳಿಯಿಂದ ಬರುವವರು ಏಳುತ್ತಾರೆ. ಎಳೆದಾಡಿ, ಫೋನು ತಂದು ಬಾಗಿಲ ಬಳಿಯ ಬುಟ್ಟಿಯಲ್ಲಿ ಇಡುವುದಕ್ಕೆ ಬಂದು ನಿಲ್ಲುತ್ತೇವೆ. ನನಗೆ ಬೇಕಾಗಿದ್ದದ್ದೂ ಬುಟ್ಟಿಯೇ. ಆದರೆ ತಾವು ಗೆದ್ದ ಬುಟ್ಟಿಗೆ ಅವರು ತಾವೇ ಕಾವಲು ಇರುತ್ತಾರೆ. ತಡವಾಗಿ ಬಂದವರಿಗೆ ಒಳಗೆ ಜಾಗವಿಲ್ಲ ಎಂದೂ ಬರೆಯುತ್ತೇನೆ. ಅದು ಇಳಿದು ಇಳಿದು, ತಡವಾಗಿ ಬಂದವರು ದಾರಿಯಲ್ಲಿ ಕಂಡ ಒಂದು ಸಂಗತಿಯನ್ನು ಹೇಳಿ ಕೂರಬೇಕು ಎಂಬಲ್ಲಿಗೆ ಬರುತ್ತದೆ. ಊಹೆ ನಡೆಯುವುದಿಲ್ಲ, ಕಂಡದ್ದು ಮಾತ್ರ.

ಗುತ್ತಲದಿಂದ ಬರುತ್ತಿದ್ದ ಒಬ್ಬ ಹುಡುಗಿ ಒಮ್ಮೆ, "ಬಸ್ಸಿನ್ಯಾಗ ಒಬ್ಬಾಕಿ ಭಾಳ ಸಿಟ್ಟಿನಾಕಿ ಇದ್ದಳ್ರಿ" ಎಂದಳು.

"ಸಿಟ್ಟು ಎಲ್ಲಿ ಕಾಣ್ತು ನಿನಗ?"

"ಕಂಡಕ್ಟರ್ ಕೈಯಾಗಿನ ಚಿಲ್ಲರ ಕಸಗೊಂಡ್ಲು, ಎಣಿಸ್ಲಿಲ್ಲ, ಹಂಗ ಚೀಲದಾಗ ಹಾಕ್ಕೊಂಡ್ಲು."

"ಹಾಂ, ಈಗ ಕುಂದ್ರು."

ಅವಳು ನನ್ನ ಪಾಠಗಳನ್ನೆಲ್ಲ ಬಸ್ಸಿನಲ್ಲಿಯೇ ಕಲಿತಳು ಎಂದರೂ ನಡೆದೀತು.

ಹಲಗೆಯ ಮೇಲಿನ ಕೊನೆಯ ನಿಯಮಕ್ಕೆ ಮಾತ್ರ ಚೌಕಾಸಿ ಇಲ್ಲ. ನಮ್ಮ ಪ್ರಯೋಗಗಳಲ್ಲಿ ಇಬ್ಬಿಬ್ಬರು ಜೋಡಿ. ಒಬ್ಬರು ಮಾಡಿಸುವವರು, ಒಬ್ಬರು ಮಾಡುವವರು. ಮಾಡಿಸುವ ಮುಂಚೆ ಎದುರಿನವರ ಒಪ್ಪಿಗೆ ಕೇಳಬೇಕು. ಅವರು ಹೇಳಿದ್ದು, ಬರೆದದ್ದು, ತಪ್ಪಿದ್ದು ಯಾವುದೂ ಹೊರಗೆ ಹೋಗಬಾರದು. ಯಾರ ಜೀವಕ್ಕಾದರೂ ಅಪಾಯ ಎನಿಸಿದರೆ ಮಾತ್ರ ನೇರ ನನ್ನ ಬಳಿಗೆ ಬರಬೇಕು. ನಮ್ಮಪ್ಪನ ಟವೆಲ್ಲಿನ ಕಥೆ ಹೇಳಿಯೇ ಇದನ್ನು ಬರೆಯುತ್ತೇನೆ. ಹಾಗಾಗಿ ನಮ್ಮ ಕಾಲೇಜಿನಲ್ಲಿ ಅದಕ್ಕೆ ಟವೆಲ್ ರೂಲು ಎಂದೇ ಹೆಸರಾಗಿದೆ.

ಒಂದು ವರ್ಷ ಈ ರೂಲಿನಿಂದಲೇ ನನ್ನ ವಿಷಯಕ್ಕೆ ಕುತ್ತು ಬಂತು.

ಆಡಳಿತ ಮಂಡಳಿಯಲ್ಲಿ ಬೀಜದ ವ್ಯಾಪಾರಿಯೊಬ್ಬರಿದ್ದರು. ಅವರ ಮಗಳು ಸೈನ್ಸ್ ಬಿಟ್ಟು ಆರ್ಟ್ಸ್ ಸೇರಿ, ಮನಃಶಾಸ್ತ್ರ ತೆಗೆದುಕೊಂಡು ನನ್ನ ತರಗತಿಗೆ ಬಂದಿದ್ದಳು. ಮನೆ, ಗೆಳೆಯರು, ಓದು ಇವುಗಳ ಜೊತೆ ಹೇಗೆ ಹೊಂದಿಕೊಂಡಿದ್ದೀರಿ ಎಂದು ಕೇಳುವ ಒಂದು ಪ್ರಶ್ನಾವಳಿ ನಮ್ಮ ಪ್ರಯೋಗಗಳಲ್ಲಿ ಇದೆ. ಅದನ್ನು ಆಕೆಗೆ ಮಾಡಿಸಿದ ಜೋಡಿ ಇದೇ ಗುತ್ತಲದ ಹುಡುಗಿ. ಅದಾಗಿ ಕೆಲವು ದಿನಕ್ಕೆ ವ್ಯಾಪಾರಿ ನಮ್ಮ ಪ್ರಯೋಗಾಲಯಕ್ಕೆ ಬಂದರು.

"ಕುಂದ್ರಿ ಸರ್" ಎಂದೆ.

"ಕುಂದ್ರಾಕ ಟೈಮ್ ಇಲ್ರಿ ಮೇಡಂ. ನಮ್ಮ ಹುಡುಗಿ ಮನಿ ಬಗ್ಗೆ, ಅಪ್ಪ ಅವ್ವನ ಬಗ್ಗೆ ಏನೋ ಬರದು ಕೊಟ್ಟಾಳಂತ. ಒಮ್ಮೆ ನೋಡಿ ಕೊಡ್ತೇನಿ."

"ಅದು ತೋರಿಸೂ ಹಂಗಿಲ್ರಿ."

"ನಾ ಆಕಿ ಅಪ್ಪ ಅದೀನ್ರಿ."

"ಅಪ್ಪಗಂತೂ ತೋರಿಸೂ ಹಂಗ ಇಲ್ರಿ. ಆಕಿನ್ನ ಕೇಳ್ರಿ."

ಅವರು ಕೂತರು. "ಕೇಳಿದ್ರ ಮಾತಾಡವಲ್ಲಳು. ಊಟಕ್ಕ ಬಾ ಅಂದ್ರ ಬರ್ತಾಳ, ಉಂಡು ಎದ್ದು ಹೋಗ್ತಾಳ. ಕಾಲೇಜ್ ಹಚ್ಚಿದಾಗಿಂದ ಹಿಂಗ ನಡದೈತಿ." ಸ್ವಲ್ಪ ಹೊತ್ತು ಕನ್ನಡಿ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ದನಿ ಬದಲಾಯಿತು. "ಬರೂ ವಾರ ಮೀಟಿಂಗ್ ಐತಿ. ಈ ಖೋಲಿ ಕಂಪ್ಯೂಟರಿಗೆ ಬೇಕು, ಈ ಸಬ್ಜೆಕ್ಟ್ ಮುಂದಿನ ವರ್ಷ ತಗದು ಬಿಡೂಣು ಅಂತ ಕೆಲವರು ಅನ್ನಾಕತ್ತಾರ. ನಾ ನಿಮ್ಮ ಕಡೆ ಅದೀನಿ. ನೀವೂ ನನ್ನ ಕಡೆ ಇರಬೇಕಲ್ಲ."

ಮುಖ ಓದಲು ಬರುವವರಿಗೆ ಇದರಲ್ಲಿ ಎರಡು ಮಾತು ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲನೆಯದು ಅಪ್ಪನದು, ಎರಡನೆಯದು ವ್ಯಾಪಾರಿಯದು. ಎರಡನೆಯದಕ್ಕೆ ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಖೋಲಿಗಾಗಿ ನಾನು ಸವೆಸಿದ ಚಪ್ಪಲಿ ನನಗೆ ನೆನಪಿತ್ತು. ಏನು ಉತ್ತರ ಕೊಡಲಿ ಎಂದು ತೂಗುತ್ತಿರುವಾಗಲೇ ರೆಕಾರ್ಡ್ ಪುಸ್ತಕ ಹಿಡಿದು ಗುತ್ತಲದ ಹುಡುಗಿ ಒಳಗೆ ಬಂದಳು.

"ನಮ್ಮ ಹುಡುಗಿ ಜೋಡಿ ಇದ್ದಾಕಿ ನೀನ ಅಲ್ಲೇನು?" ಎಂದರು ವ್ಯಾಪಾರಿ.

"ಹೌದ್ರಿ ಕಾಕಾ."

"ಆಕಿ ಏನು ಬರದಾಳ? ನನಗಷ್ಟ ಹೇಳು."

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳಿಕೊಟ್ಟಂತೆ ಆಗುತ್ತಿತ್ತು. "ನಮ್ಮಪ್ಪ ನಿಮ್ಮ ಅಂಗಡ್ಯಾಗ ಬೀಜ ಒಯ್ತಾನ್ರಿ" ಎಂದಳು.

"ಗೊತ್ತೈತಿ."

"ನಮ್ಮಪ್ಪಗ ಹಾಕಿದ ರೇಟು ಬಾಜೂ ಹೊಲದವರಿಗೆ ಹೇಳ್ತೀರೇನ್ರಿ?"

"ಅದನ್ನ ನಾ ಯಾಕ ಹೇಳ್ಲಿ?"

"ಮತ್ತ ಇದನ್ನ ನಾ ಯಾಕ ಹೇಳ್ಲಿ ಕಾಕಾ?"

ವ್ಯಾಪಾರಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಗುತ್ತಲದವರ ಬಾಯಿ ಇಷ್ಟು ಜೋರ ಇರ್ತಾವೇನು?"

"ಬಸ್ಸಿನ್ಯಾಗ ಸೀಟ್ ಹಿಡದು ಹಿಡದು ಆಗ್ಯಾವ್ರಿ."

ಅವರ ಮೀಸೆಯ ಕೆಳಗೆ ಏನೋ ಸಡಿಲಾಯಿತು. ವ್ಯಾಪಾರ ಮುರಿಯುವವನ ಮುಖ ಹಾಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹುಡುಗಿಯನ್ನು ಹೊರಗೆ ಕಳಿಸಿ, "ನಿಮಗ ಆ ಕಾಗದ ಬ್ಯಾಡ್ರಿ, ಮಗಳು ಮಾತಾಡಬೇಕು, ಅಷ್ಟ" ಎಂದೆ. "ಈ ಕನ್ನಡಿ ಪೆಟ್ಟಿಗಿ ಪ್ರಯೋಗಕ್ಕ ನೀವು ಕುಂದ್ರಿ. ಆಕಿ ಒಪ್ಪಿದ್ರ ಆಕೀನ ಮಾಡಿಸಲಿ. ಅರ್ಧ ತಾಸು."

"ಹತ್ತು ನಿಮಿಷ ಕೊಡ್ತೇನಿ."

"ಹತ್ತು ನಿಮಿಷಕ್ಕ ಪೆನ್ಸಿಲ್ ಚೂಪ ಆಗೂದಿಲ್ರಿ."

"ಕಾಲು ತಾಸು. ಅದರ ಮ್ಯಾಲೆ ಇಲ್ಲ."

ಕಾಲು ತಾಸೇ ನನಗೆ ಬೇಕಾಗಿತ್ತು.

ಮಗಳು ಒಪ್ಪಿದಳು, ಆದರೆ ಅವಳದೂ ಒಂದು ಷರತ್ತು: "ನೀವು ಒಳಗ ಇರಬಾರದ್ರಿ ಮೇಡಂ." ಶನಿವಾರ ತರಗತಿ ಬಿಟ್ಟ ಮೇಲೆ ವ್ಯಾಪಾರಿ ಬಂದರು. ಬಾಗಿಲಲ್ಲೇ ಮಗಳು ಬುಟ್ಟಿ ಹಿಡಿದು ನಿಂತಿದ್ದಳು.

"ಫೋನ್ ಇದರಾಗ ಹಾಕ್ರಿ ಪಪ್ಪಾ."

"ಕಂಪನಿಯವರು ಫೋನ್ ಮಾಡ್ತಾರವ್ವಾ."

"ಹಾಕ್ರಿ."

ಎರಡು ಫೋನುಗಳು ಬುಟ್ಟಿಗೆ ಬಿದ್ದವು. ಅವರು ಕುರ್ಚಿಯಲ್ಲಿ ಕೂತರು. ನಾನು ಹೊರಗೆ ಹೋಗಲು ತಿರುಗಿದಾಗ ಮಗಳು ನಾನು ಕಲಿಸಿದ್ದನ್ನು ಅಕ್ಷರ ಬಿಡದೆ ಕೇಳಿದಳು: "ಇದಕ್ಕ ನೀವು ಒಪ್ಪಿ ಕುಂತೀರೇನ್ರಿ? ನಡುವ ಬ್ಯಾಡ ಅನಿಸಿದ್ರ ಎದ್ದು ಹೋಗಬಹುದು. ಇಲ್ಲಿ ಆಗಿದ್ದು ನಾ ಯಾರಿಗೂ ಹೇಳಂಗಿಲ್ಲ."

ಯಾವ ಕೋರ್ಸು ಎಂದು ಮನೆಯಲ್ಲಿ ಮಾತು ನಡೆದಾಗ ಅವಳನ್ನು ಹೀಗೆ ಯಾರಾದರೂ ಕೇಳಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಬಾಗಿಲು ಮುಚ್ಚುವಾಗ, "ಒಪ್ಪಿ ಕುಂತೀನವ್ವಾ" ಎಂದದ್ದು ಕೇಳಿಸಿತು.

ಹೊರಗೆ ಕಟ್ಟೆಯ ಮೇಲೆ ಗುತ್ತಲದ ಹುಡುಗಿ ಕಾಯುತ್ತಿದ್ದಳು. ಬೇಕೆಂದೇ ಒಂದು ಬಸ್ಸು ಬಿಟ್ಟಿದ್ದಳು.

"ಒಳಗ ಏನು ನಡದೈತ್ರಿ ಮೇಡಂ?"

"ನೀ ಕೇಳೂ ಮಾತಾ ಇದು?"

"ನೀವು ಹೇಳ್ತೀರೇನೋ ಅಂತ ನೋಡಿದೆ, ಅಷ್ಟರಿ."

ಕಾಲು ತಾಸು ಆಯಿತು. ಬಾಗಿಲು ತೆರೆಯಲಿಲ್ಲ. ಒಮ್ಮೆ ಗಂಡಸಿನ ದನಿಯ ಗೊಣಗಾಟ, ಆಮೇಲೆ ಹುಡುಗಿಯ ನಗು, ಅದರ ಹಿಂದೆಯೇ ಅವರದೂ. ನಂತರ ಬಹಳ ಹೊತ್ತು ತಗ್ಗಿದ ದನಿಯ ಮಾತು. ಬುಟ್ಟಿಯೊಳಗಿನ ಫೋನು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಗುತ್ತಲದ ಎರಡನೆಯ ಬಸ್ಸೂ ಹೋಯಿತು. ಕಡೆಗೆ ಅವರು ಹೊರಗೆ ಬಂದು, ನನಗೆ ಕೈ ಮುಗಿದು, ಗೇಟಿನವರೆಗೆ ಹೋದರು. ಹಿಂದೆಯೇ ಮಗಳು ಎರಡೂ ಫೋನು ಹಿಡಿದು, "ಪಪ್ಪಾ, ಇವು ಯಾರವು?" ಎನ್ನುತ್ತ ಓಡಿದಳು.

ನಕ್ಷತ್ರ ಹೇಗೆ ಬಂದಿತ್ತು ಎಂದು ಓದುಗರು ಕೇಳಬಾರದು. ನಾನು ಬರೆಯುವುದಿಲ್ಲ. ಆಕೆ ಪ್ರಶ್ನಾವಳಿಯಲ್ಲಿ ಏನು ಬರೆದಿದ್ದಳು ಎಂಬುದೂ ಅಷ್ಟೇ. ಒಳಗೆ ಆದ ಮಾತು ನನಗೂ ಗೊತ್ತಿಲ್ಲ. ಸೋಮವಾರ ಆ ಹುಡುಗಿಯ ಡಬ್ಬಿಯಲ್ಲಿ ಎರಡು ಪಾಲಿನ ಶೇಂಗಾ ಹೋಳಿಗೆ ಇತ್ತು, ಒಂದು ಪಾಲು ಗುತ್ತಲದವಳಿಗೆ. "ಪಪ್ಪಾ ಕೊಟ್ಟು ಕಳಿಸ್ಯಾರ" ಎಂದದ್ದು ಇಡೀ ತರಗತಿಗೆ ಕೇಳಿಸಿದ ಮಾತು, ಹಾಗಾಗಿ ಅದನ್ನು ಹೇಳಬಹುದು.

ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ಖೋಲಿಯ ಮಾತು ಬಂತು. ನನ್ನ ಹತ್ತಿರ ವಾರ್ಷಿಕ ಪರೀಕ್ಷೆಯ ಫಲಿತಾಂಶದ ಕಾಗದಗಳಿದ್ದವು, ಅವನ್ನು ಬಿಚ್ಚುವ ಮುಂಚೆಯೇ ಬೀಜದ ವ್ಯಾಪಾರಿ, "ಅದು ಇರಲಿ. ಕಂಪ್ಯೂಟರಿಗೆ ಮ್ಯಾಲಿನ ಖೋಲಿ ನೋಡ್ರಿ" ಎಂದರು.

ಪಕ್ಕದಲ್ಲಿದ್ದ ಸದಸ್ಯರೊಬ್ಬರು ನಕ್ಕರು. "ನಿಮ್ಮನ್ನೂ ಕೂಡಿಸಿ ಏನೋ ಮಾಡಿಸಿದ್ರಂತಲ್ಲ ಅಲ್ಲಿ. ಏನು ಮಾಡಿಸಿದ್ರು?"

"ಅದನ್ನ ಹೇಳೂ ಹಂಗಿಲ್ರಿ."

"ನಮ್ಮ ಮುಂದ ಹೇಳಾಕ ಏನಾಗ್ತದ?"

"ನಿಮ್ಮ ಮುಂದಂತೂ ಹೇಳೂ ಹಂಗ ಇಲ್ಲ."

ಕಾಗದಗಳನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ. ಮುಂದಿನ ವರ್ಷದ ಪ್ರವೇಶದ ಫಲಕದಲ್ಲಿ ಮನಃಶಾಸ್ತ್ರ ಇತ್ತು. ಈಗಲೂ ಇದೆ. ದನದ ದಲ್ಲಾಳಿಯ ಮಗಳು ತಂದ ಟವೆಲ್ಲಿಗೆ ಹದಿನಾರು ಹದಿನೇಳು ವಯಸ್ಸಿನವರು ಇಷ್ಟು ಬಲ ಕೊಟ್ಟರಲ್ಲ ಎಂದು ನನಗೆ ಹೆಮ್ಮೆ. ಆ ದಿನ ಗುತ್ತಲದ ಹುಡುಗಿಗೆ ನಾನು ಒಂದು ಮಾತನ್ನೂ ಹೇಳಿಕೊಟ್ಟಿರಲಿಲ್ಲ ಎಂಬುದು ಇನ್ನೂ ದೊಡ್ಡ ಹೆಮ್ಮೆ.

ಇದನ್ನು ಬರೆಯುವ ಮುಂಚೆ ಆ ಮೂವರ ಒಪ್ಪಿಗೆಯನ್ನೂ ಕೇಳಿದೆ. ಹುಡುಗಿಯರಿಬ್ಬರೂ ಲಗೂನೇ ಒಪ್ಪಿದರು. ಗುತ್ತಲದವಳು, "ಬಸ್ಸಿನ ಮಾತು ಬಿಡಬ್ಯಾಡ್ರಿ" ಎಂದು ಹೇಳಿಯೇ ಒಪ್ಪಿದಳು. ವ್ಯಾಪಾರಿಗೆ ಅವರ ಅಂಗಡಿಯಲ್ಲೇ ಓದಿ ತೋರಿಸಿದೆ. ಕೇಳಿ ಮುಗಿಸಿ, ಚಹಾ ತರಿಸಿ, "ಎಲ್ಲಾ ಇರಲಿ. ನನ್ನ ಅಂಗಡಿ ಇರೂ ಗಲ್ಲಿ ಬರದೀರಲ್ಲ, ಅದನ್ನ ತಗೀರಿ" ಎಂದರು. ನಾನು ಸ್ವಲ್ಪ ಹೊತ್ತು ಒಪ್ಪದವಳಂತೆ ಕಾಗದ ನೋಡುತ್ತ ಕೂತು, ಆಮೇಲೆ ಆ ಸಾಲನ್ನು ಅವರ ಎದುರಿಗೇ ಹೊಡೆದುಹಾಕಿದೆ. ಅವರಿಗೆ ಬಹಳ ಸಮಾಧಾನವಾಯಿತು. ಹೊಡೆಯಲೆಂದೇ ಆ ಗಲ್ಲಿಯನ್ನು ಬರೆದುಕೊಂಡು ಹೋಗಿದ್ದೆ.